ಮಹಡಿಯ ಮಿಸ್ಸೂ ಮರೆಗುಳಿ ಮೋಡೆಮ್ಮೂ

ಟೈಪಿಂಗ್ ಮಿಸ್ ಅವರ ಎರಡು ಕಿರುಬೆರಳುಗಳೂ ಉಳಿದ ಬೆರಳುಗಳಷ್ಟೇ ದಪ್ಪವಾಗಿದ್ದವು. ತುದಿ ಚಪ್ಪಟೆ, ಗಂಟು ಉಬ್ಬು, ಉಗುರಿನ ಸಂದಿನಲ್ಲಿ ಎಷ್ಟು ತಿಕ್ಕಿದರೂ ಹೋಗದ ರಿಬ್ಬನ್ನಿನ ಮಸಿ. ಹಳೆಯ ಟೈಪ್‌ರೈಟರಿನಲ್ಲಿ ಇಂಗ್ಲಿಷಿನ ಎ ಅಕ್ಷರ ಎಡಗೈ ಕಿರುಬೆರಳಿನ ಪಾಲಿಗೆ ಬರುತ್ತದೆ. ಗಟ್ಟಿಯಾಗಿ ಒತ್ತದಿದ್ದರೆ ಕಾಗದದ ಮೇಲೆ ಅದು ಮಸುಕಾಗಿ ಬೀಳುತ್ತದೆ. ಕಲಿಯುವವರು ಆ ಕೀಗೆ ಕದ್ದು ತೋರುಬೆರಳು ಹಾಕುತ್ತಾರೆ. ಮಿಸ್ ಬದುಕಿಡೀ ಹಾಗೆ ಮಾಡಲಿಲ್ಲ, ಯಾರಿಗೂ ಮಾಡಲು ಬಿಡಲಿಲ್ಲ.

ಮೊಮ್ಮಕ್ಕಳೇ, ಎದುರು ಕೂತು ಹೇಳಬೇಕೆಂದರೆ ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಅಮ್ಮ ಓದಿದ್ದು, ನಾವು ಅರಸೀಕೆರೆಯಲ್ಲೇ ಉಳಿದದ್ದು, ನಾನು ನಾಲ್ಕು ಜನರ ಮುಂದೆ ತಲೆಯೆತ್ತಿ ನಿಂತದ್ದು, ಎಲ್ಲದರ ಹಿಂದೆಯೂ ಆ ಹೆಂಗಸು ಇದ್ದರು. ನೀವು ಅವರನ್ನು ನೋಡಿಲ್ಲ. ಆದ್ದರಿಂದ ಅವರು ಹೇಗಿದ್ದರೆಂಬುದನ್ನು ಮೊದಲು ಹೇಳುತ್ತೇನೆ.

ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ಕೆಳಗೆ ನಮ್ಮ ಎಸ್‌ಟಿಡಿ ಅಂಗಡಿ, ಮೇಲಿನ ಮಹಡಿಯಲ್ಲಿ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್. ಪಕ್ಕದಲ್ಲಿ ಕೊಬ್ಬರಿ ಮಂಡಿ. ನಡುವಿನ ಮಾಳಿಗೆ ಮರದ ಹಲಗೆಯದು, ಮೇಲೆ ಒಂದು ಪೆನ್ಸಿಲ್ ಬಿದ್ದರೂ ಕೆಳಗೆ ಕೇಳುತ್ತಿತ್ತು. ಬೆಳಿಗ್ಗೆ ಮಿಸ್ ಲಿಂಗಪೂಜೆ ಮುಗಿಸಿ, ಹಣೆಯಲ್ಲಿ ವಿಭೂತಿ ಒಣಗುವ ಮೊದಲೇ ಬೀಗ ತೆಗೆಯುತ್ತಿದ್ದರು. ಸೊಂಟಕ್ಕೆ ಒಂದು ಬಟ್ಟೆ ಸಿಕ್ಕಿಸಿಕೊಂಡು ಎಲ್ಲ ಯಂತ್ರಗಳನ್ನೂ ಒರೆಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಅಕ್ಷರಗಳ ಮಸಿ ತೆಗೆದು, ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯನ್ನೇ ಹನಿ ಹನಿ ಬಿಡುತ್ತಿದ್ದರು. ಮದುವೆಯಾಗಿರಲಿಲ್ಲ. ಏಕೆಂದು ಕೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ. ಗಂಡಸರು ಕಟ್ಟುವಂಥ ದೊಡ್ಡ ಕೈಗಡಿಯಾರ ಕಟ್ಟುತ್ತಿದ್ದರು. ತಡವಾಗಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಕಾಗದದ ವಿಷಯದಲ್ಲಿ ಮಹಾ ಜಿಪುಣಿ; ಎರಡೂ ಮಗ್ಗುಲು ತುಂಬಿದ ಮೇಲೆ ಅದನ್ನೇ ಅಡ್ಡಡ್ಡ ತಿರುಗಿಸಿ ಮತ್ತೆ ಟೈಪ್ ಹೊಡೆಸುತ್ತಿದ್ದರು. ಮೆಟ್ಟಿಲಲ್ಲಿ ಎಲೆಅಡಿಕೆ ಉಗಿದವರ ಹಿಂದೆ ಬೀದಿಯವರೆಗೂ ಹೋಗಿ ಜಗಳ ತೆಗೆದದ್ದನ್ನು ನಾನೇ ಕಂಡಿದ್ದೇನೆ. ಹಲ್ಲಿ ಕಂಡರೆ ಮಾತ್ರ ಕುರ್ಚಿ ಹತ್ತುತ್ತಿದ್ದರು.

ಪಾಠ ಮಾಡುವಾಗ ಮರದ ರೂಲರಿನಿಂದ ಮೇಜಿಗೆ ಬಡಿಯುತ್ತಿದ್ದರು. ಟಕ್ ಎಂದರೆ ಒಂದು ಅಕ್ಷರ. ಹೊಸಬರಿಗೆ ನಿಧಾನ, ಪರೀಕ್ಷೆಯವರಿಗೆ ಚುರುಕು. ಯಾರಾದರೂ ಆ ತಾಳ ಬಿಟ್ಟು ಮುಂದೆ ಓಡಿದರೆ ರೂಲರ್ ಮೇಜು ಬಿಟ್ಟು ಗೆಣ್ಣಿನ ಮೇಲೆ ಬೀಳುತ್ತಿತ್ತು. "ಬೇಗ ಯಾರು ಕೇಳಿದ್ರು? ಸಮ ಹೊಡಿ, ಸಮ" ಎಂಬ ಮಾತು ದಿನವೆಲ್ಲ ಹಲಗೆಯ ಸಂದಿನಿಂದ ನಮ್ಮ ಅಂಗಡಿಗೆ ಇಳಿಯುತ್ತಿತ್ತು. ಅವರು ಯಾರನ್ನೂ ಹೊಗಳಿದ್ದನ್ನು ನಾನು ಕೇಳಲಿಲ್ಲ. ಚೆನ್ನಾಗಿ ಹೊಡೆದವರ ಕಾಗದವನ್ನು ಸುಮ್ಮನೆ ಮಡಚಿ ಮೇಜಿನ ಖಾನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಅವರ ಹತ್ತಿರ ಕಲಿತವರಿಗೆ ಅಷ್ಟು ಸಾಕಾಗಿತ್ತು.

ಇನ್ನು ನನ್ನ ಕಥೆ. ನಾನು ಹಳೇಬೀಡಿನ ಪಕ್ಕದ ಹಳ್ಳಿಯವಳು, ಊರ ಕನ್ನಡ ಶಾಲೆಯಲ್ಲಿ ಕಲಿತದ್ದು. ಇಂಗ್ಲಿಷ್ ಅಕ್ಷರ ಗೊತ್ತಿತ್ತು, ಅರ್ಥ ಗೊತ್ತಿರಲಿಲ್ಲ. ಮದುವೆಯಾಗಿ ಗೆಂಡೆಹಳ್ಳಿಗೆ ಬಂದೆ. ನಿಮ್ಮ ತಾತನಿಗೆ ಹೊಲದ ಕೆಲಸ ಒಗ್ಗದೆ ಅರಸೀಕೆರೆಗೆ ಬಂದು ಫೋನಿನ ಅಂಗಡಿ ಇಟ್ಟರು. ಕೊಬ್ಬರಿ ಮಂಡಿಯ ಸಾಹುಕಾರರೇ ನಮ್ಮ ದೊಡ್ಡ ಗಿರಾಕಿಗಳು. ಉತ್ತರದ ಕಡೆಯ ವ್ಯಾಪಾರಿಗಳ ಜೊತೆ ದಿನವೂ ಅವರಿಗೆ ಮಾತು ಇರುತ್ತಿತ್ತು. ಆಗ ಈಮೇಲ್ ಎಂಬುದು ಹೊಸದಾಗಿ ಬಂದಿತ್ತು. ಮಾತಾಡುವುದಕ್ಕಿಂತ ಅದು ಅಗ್ಗ, ಬರವಣಿಗೆಯಲ್ಲಿಯೂ ಇರುತ್ತದೆ ಎಂದು ಸಾಹುಕಾರರು ಆಸೆಪಟ್ಟರು. ನಿಮ್ಮ ತಾತ ಎಲ್ಲಿಂದಲೋ ಒಂದು ಹಳೆಯ ಕಂಪ್ಯೂಟರ್ ಕೊಂಡು, ಅದಕ್ಕೆ ಹಾಸನದ ಅಂಗಡಿಯೊಂದರಲ್ಲಿ ಹೊಸ ಮೋಡೆಮ್ ಹೇಳಿ ಬಂದರು. ಮೋಡೆಮ್ ಬರುವ ಮೊದಲೇ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ತಿಥಿ ಮುಗಿದ ಮೇಲೆ ನನ್ನ ಭಾವ, ಅಂದರೆ ನಿಮ್ಮ ತಾತನ ಅಣ್ಣ, ನನ್ನನ್ನು ಕೂರಿಸಿಕೊಂಡು ಮಾತಾಡಿದರು. ಅವರು ಕೆಟ್ಟವರಲ್ಲ. ಹರೆಯದ ವಿಧವೆ, ಪೇಟೆ ಬೀದಿ, ಬರುವವರೆಲ್ಲ ಗಂಡಸರು. ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಊರಿನಲ್ಲಿ ಮನೆಯಿದೆ, ರಾಗಿಯಿದೆ, ತೆಂಗಿದೆ, ಯಾರಿಗೂ ಕಡಿಮೆಯಾಗುವುದಿಲ್ಲ ಎಂದರು. ನಿಮ್ಮ ಅಮ್ಮ ಆಗ ಅರಸೀಕೆರೆಯ ಹೈಸ್ಕೂಲಿಗೆ ಹೋಗುತ್ತಿದ್ದಳು. ಲೆಕ್ಕದಲ್ಲಿ ಕ್ಲಾಸಿಗೇ ಮೊದಲು. ಊರಿಗೆ ಹೋದರೆ ಆ ಶಾಲೆ ಬಿಡಬೇಕು, ಆಮೇಲೆ ಓದೂ ನಿಲ್ಲುತ್ತದೆ ಎಂಬುದು ನನಗೆ ಗೊತ್ತಿತ್ತು. ಅದನ್ನು ಹೇಳಲು ನಾಲಿಗೆ ಏಳಲಿಲ್ಲ, ಕಣ್ಣೀರು ಮಾತ್ರ ಬಂತು. ಭಾವ ಅದನ್ನು ನೋಡಿ, "ಆಯ್ತು ಬುಡು, ದೀಪಾವಳಿಗಂಟ ನೋಡಾನ. ನಡೀದಿದ್ರೆ ಬೀಗ ಹಾಕ್ಬುಟ್ಟು ಊರಿಗ್ ಬರ್ಬೇಕು ಕಣವ್ವ" ಎಂದರು.

ಅಂಗಡಿಯಲ್ಲಿ ನಾನು ಸೆರಗು ಹೊದ್ದು ಮೀಟರಿನ ಹಿಂದೆ ಕೂರುತ್ತಿದ್ದೆ. ಗಿರಾಕಿ ಬಂದರೆ ಚೀಟಿ ತಳ್ಳುವುದು, ಅಷ್ಟೆ. ಆದರೆ ಊರಲ್ಲೆಲ್ಲ ಫೋನಿನ ಅಂಗಡಿಗಳು ಆಗಿದ್ದವು. ಇನ್ನೊಬ್ಬರಲ್ಲಿ ಇಲ್ಲದೆ ನಮ್ಮಲ್ಲಿದ್ದದ್ದು ಆ ಕಂಪ್ಯೂಟರ್ ಒಂದೇ. ಅದು ನಡೆದರೆ ನಾವು ಉಳಿದಂತೆ.

ಅದು ನಡೆಯಲಿಲ್ಲ. ಹಾಸನದಿಂದ ಬಂದ ಮೆಕ್ಯಾನಿಕ್ ಒಳ್ಳೆಯವನು. ಪುಸ್ತಕದಷ್ಟು ದೊಡ್ಡ ಕಪ್ಪು ಡಬ್ಬಿಯನ್ನು, ಅದೇ ಮೋಡೆಮ್, ತಂದು, ಒಂದು ಕಡೆ ಫೋನಿನ ತಂತಿ, ಇನ್ನೊಂದು ಕಡೆ ಕಂಪ್ಯೂಟರಿಗೆ ಹೋಗುವ ದಪ್ಪ ಕೇಬಲ್ ಸಿಕ್ಕಿಸಿ, ಏನೇನೋ ಒತ್ತಿ ನಡೆಸಿ ತೋರಿಸಿ ಹೋದ. ಡಬ್ಬಿ ಕೀಚಲು ದನಿಯಲ್ಲಿ ಕೂಗಿ, ಕೆಂಪು ದೀಪ ಮಿನುಗಿಸಿ, ಬೆಂಗಳೂರಿನ ಈಮೇಲ್ ಕಂಪ್ಯೂಟರಿನ ಜೊತೆ ಮಾತಾಡಿತು. ಚಿತ್ರಗಿತ್ರ ಏನೂ ಇಲ್ಲ, ಕಪ್ಪು ಪರದೆಯ ಮೇಲೆ ಬರೀ ಅಕ್ಷರ. ಮರುದಿನದಿಂದ ಎರಡು ಕಾಯಿಲೆ ಕಾಣಿಸಿಕೊಂಡವು. ಒಂದು, ಕರೆಂಟು ಹೋಗಿ ಬಂದರೆ ಸಾಕು, ಫೋನಿನಲ್ಲಿ ಡಯಲ್ ಟೋನ್ ಇಲ್ಲ ಎಂದು ಪರದೆಯ ಮೇಲೆ ಬರೆದು ಸುಮ್ಮನಾಗುತ್ತಿತ್ತು. ರಿಸೀವರ್ ಎತ್ತಿದರೆ ನನ್ನ ಕಿವಿಗೆ ಟೋನ್ ಚೆನ್ನಾಗಿಯೇ ಕೇಳುತ್ತಿತ್ತು. ಎರಡನೆಯದು, ಹತ್ತಾರು ಸಲ ಡಯಲ್ ಮಾಡಿ ಲೈನ್ ಸಿಕ್ಕಿದಾಗಲೂ ಬಂದ ಈಮೇಲ್ ಕಾಗದದಲ್ಲಿ ಅಲ್ಲಲ್ಲಿ ಅಕ್ಷರಗಳೇ ಇರುತ್ತಿರಲಿಲ್ಲ.

ಮಂಡಿಯ ಸಾಹುಕಾರರೊಬ್ಬರಿಗೆ ಉತ್ತರದ ವ್ಯಾಪಾರಿಯಿಂದ ಬಂದ ಕಾಗದ ಹೀಗೇ ಹರಿದು ಬಂತು. ಸರಕು ಲೋಡ್ ಮಾಡಿ ಎಂಬುದಿತ್ತು, ಯಾವತ್ತು ಎಂಬ ಸಾಲೇ ಇರಲಿಲ್ಲ. ಅವರು ಅವತ್ತೇ ಉಂಡೆ ಕೊಬ್ಬರಿಯ ಚೀಲಗಳನ್ನು ಲಾರಿಗೆ ಏರಿಸಿ ನಿಲ್ಲಿಸಿದರು. ಮುಂದಿನ ವಾರ ಎಂದು ಆಮೇಲೆ ಫೋನಿನಲ್ಲಿ ತಿಳಿಯಿತು. ಎಲ್ಲವನ್ನೂ ಇಳಿಸಿದರು. ಸಾಹುಕಾರರು ಬಂದು ಬಾಗಿಲಲ್ಲಿ ನಿಂತು, "ನಿಮ್ಮ ಪೆಟ್ಟಿಗೆ ಅಕ್ಷರ ತಿಂತದೆ ಕಣಮ್ಮ. ಇಲಿ ಕೊಬ್ಬರಿ ತಿಂದ್ರೆ ಬೆಕ್ಕು ಸಾಕ್ಬೋದು. ಅಕ್ಷರ ತಿಂದ್ರೆ ಏನ್ ಸಾಕಾದು?" ಎಂದರು. ಬೀದಿಯಲ್ಲಿ ನಾಲ್ಕು ಜನ ನಕ್ಕರು. ಆ ವಾರದಿಂದ ಮಂಡಿಯವರು ಯಾರೂ ಒಳಗೆ ಬರಲಿಲ್ಲ. ಹಾಸನದವನು ಇನ್ನೊಮ್ಮೆ ಬಂದು ನೋಡಿದ. ಅವನಿದ್ದಾಗ ಎಲ್ಲ ಸರಿಯಾಗಿತ್ತು. ಆಮೇಲೆ ಅವನ ತಂಗಿಯ ಮದುವೆ, ದೀಪಾವಳಿ ಕಳೆದು ಬರುತ್ತೇನೆ ಎಂದ. ದೀಪಾವಳಿ ಕಳೆದ ಮೇಲೆ ಬಂದು ಏನು ಮಾಡುತ್ತಾನೆ?

ದಸರೆಯ ರಜೆ. ಇನ್‌ಸ್ಟಿಟ್ಯೂಟಿಗೂ ರಜೆ. ಮಿಸ್ ತಮ್ಮನಿಗೆ ಫೋನ್ ಮಾಡಲು ಕೆಳಗೆ ಬಂದರು. ತಮ್ಮ ಮೈಸೂರಿನಲ್ಲಿದ್ದರು, ಭಾನುವಾರ ತಪ್ಪದೆ ಮಾತಾಡುತ್ತಿದ್ದರು. ಮಾತು ಮುಗಿಸಿ ಹೊರಡುವಾಗ ಮೇಜಿನ ಮೇಲೆ ಬಿದ್ದಿದ್ದ, ಅಕ್ಷರ ಬಿಟ್ಟುಹೋದ ಆ ಈಮೇಲಿನ ಪ್ರಿಂಟ್ ಅವರ ಕಣ್ಣಿಗೆ ಬಿತ್ತು. ವಿದ್ಯಾರ್ಥಿಯ ಕಾಗದವೆಂದುಕೊಂಡರೋ ಏನೋ, ನಿಂತಲ್ಲೇ ತಿದ್ದತೊಡಗಿದರು. ಪೆನ್ಸಿಲಿನಿಂದ ಒಂದೊಂದು ಕಡೆ ಗೀಟು ಹಾಕುತ್ತ ಕೊನೆಯವರೆಗೂ ಹೋದರು.

"ಯಾರೇ ಇದನ್ನ ಹೊಡ್ದಿದ್ದು?"

ನಾನು ಕಂಪ್ಯೂಟರಿನ ಕಡೆ ಕೈ ತೋರಿಸಿದೆ.

"ವಿಚಿತ್ರ ಕಣೇ. ತಪ್ಪಕ್ಷರ ಒಂದೂ ಇಲ್ಲ. ಬಿಟ್ಟುಹೋಗಿರೋದು ಮಾತ್ರ."

ಅದರಲ್ಲೇನು ವಿಚಿತ್ರ ಎಂದು ನನಗೆ ತಿಳಿಯಲಿಲ್ಲ. ಅವರು ಸ್ಟೂಲಿನ ಮೇಲೆ ಕೂತು ಬಿಡಿಸಿ ಹೇಳಿದರು. ಬೆರಳು ದಾರಿ ತಪ್ಪಿದರೆ ಒಂದು ಅಕ್ಷರದ ಬದಲು ಇನ್ನೊಂದು ಬೀಳುತ್ತದೆ. ಫೋನಿನ ತಂತಿಯಲ್ಲಿ ಗೊರಗೊರ ಇದ್ದರೂ ಹಾಗೇ ಆಗಬೇಕಿತ್ತು, ಕಸ ಬರಬೇಕಿತ್ತು. ಇಲ್ಲಿ ಬಂದದ್ದೆಲ್ಲ ಸರಿಯಾಗಿದೆ, ನಡುನಡುವೆ ಇಲ್ಲ ಅಷ್ಟೆ. ಟೈಪ್ ಯಂತ್ರದ ಅಕ್ಷರದ ಕಡ್ಡಿ ಹಿಂದಕ್ಕೆ ಬೀಳುವ ಮೊದಲೇ ಹುಡುಗರು ಮುಂದಿನ ಕೀ ಒತ್ತಿದಾಗ ಮಾತ್ರ ಅವರು ಇಂಥ ಕಾಗದವನ್ನು ಕಂಡಿದ್ದರಂತೆ. "ಇದರೊಳಗೆ ಯಾರೋ ಒಬ್ರು ಬೇಗ ಕೊಡ್ತಿದಾರೆ, ಇನ್ನೊಬ್ರಿಗೆ ಅಷ್ಟು ಬೇಗ ತಗೊಳ್ಳಕ್ಕೆ ಆಗ್ತಿಲ್ಲ. ಯಾರು ಅಂತ ನೋಡ್ಬೇಕು" ಎಂದು ಮೋಡೆಮ್ಮಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ಕೇಳದೆಯೇ ಕಂಕುಳಲ್ಲಿ ಇಟ್ಟುಕೊಂಡು ಮೇಲೆ ಹೋದರು.

ಅವರಿಗೆ ಆ ವಿದ್ಯೆ ಬರುತ್ತಿರಲಿಲ್ಲ ಎಂಬುದನ್ನು ನೀವು ತಿಳಿಯಬೇಕು. ಇಂಗ್ಲಿಷ್ ಬರುತ್ತಿತ್ತು, ಅದರ ಬಗ್ಗೆ ಸ್ವಲ್ಪ ಜಂಭವೂ ಇತ್ತು. ಮೊದಲ ಪ್ರಯತ್ನದಲ್ಲಿ ಪೂರ್ತಿ ತಪ್ಪಿದರು. ಮೋಡೆಮ್ಮು ಫೋನಿನ ಮೇಲೆ ಮಾತಾಡುವ ವೇಗವನ್ನು ಇಳಿಸಿಬಿಟ್ಟರು. ಕಾಗದ ಆಮೆಯಂತೆ ಬಂತು, ಆದರೂ ಅಲ್ಲಲ್ಲಿ ಹರಿದೇ ಬಂತು. ಮಿಸ್ ಮುಖ ಕೆಂಪು ಮಾಡಿಕೊಂಡು ಪುಸ್ತಕವನ್ನು ಮತ್ತೆ ಮೊದಲಿನಿಂದ ಓದಿದರು. ಒಂದು ಮಧ್ಯಾಹ್ನ ಮೆಟ್ಟಿಲಿಳಿದು ಬಂದವರು ನಮ್ಮ ಬಾಗಿಲಲ್ಲೇ ನಿಂತು, ತಾವು ಇಳಿದು ಬಂದ ಮೆಟ್ಟಿಲನ್ನು ತೋರಿಸಿದರು.

"ನೋಡೇ, ದಾರಿ ಎರಡಿದೆ. ಬೀದಿಯಿಂದ ಈ ಬಾಗಿಲಿಗೆ ಒಂದು, ಬಾಗಿಲಿಂದ ಮಹಡಿಗೆ ಇನ್ನೊಂದು. ಹುಡುಗ್ರು ಬೀದೀಲಿ ನೆಟ್ಟಗೆ ನಡ್ಕೊಂಡು ಬರ್ತಾರೆ. ಮೆಟ್ಟಿಲು ಕಂಡ ತಕ್ಷಣ ಓಡ್ತಾರೆ. ಬೀಳೋದು ಎಲ್ಲಿ? ನಾನು ಹೋಗಿ ಬೀದೀಲಿ ಕೋಲು ಹಿಡ್ಕೊಂಡು ನಿಂತಿದ್ದೆ."

ಫೋನಿನ ತಂತಿ ಬೀದಿ. ಡಬ್ಬಿಯಿಂದ ಕಂಪ್ಯೂಟರಿಗೆ ಹೋಗುವ ದಪ್ಪ ಕೇಬಲ್ ಮೆಟ್ಟಿಲು. ಆ ಕೇಬಲ್ ಕೂರುವ ಜಾಗಕ್ಕೆ ಪೋರ್ಟ್ ಎನ್ನುತ್ತಿದ್ದರು, ಅದಕ್ಕೂ ಒಂದು ವೇಗವಿತ್ತು. ಹಾಸನದವನು ಅದನ್ನು ಐವತ್ತೇಳು ಸಾವಿರದ ಆರುನೂರಕ್ಕೆ ಇಟ್ಟಿದ್ದ. ಹಾಗಿಡುವಾಗ ನಾವೆಲ್ಲ ಸಂತೋಷಪಟ್ಟಿದ್ದೆವು. ಕೊಬ್ಬರಿ ಟೆಂಡರಿನ ಊರಲ್ಲವೇ, ಚೀಟಿಯಲ್ಲಿ ಹೆಚ್ಚು ದರ ಬರೆದವನಿಗೇ ಸರಕು. ದೊಡ್ಡ ಸಂಖ್ಯೆ ಒಳ್ಳೆಯದೆಂದು ನಮ್ಮ ಬೀದಿಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಪಕ್ಕದ ಮಂಡಿಯವರು ಬೇರೆ, ಇನ್ನೂ ಮೇಲೆ ಹೋಗುವುದಿಲ್ಲವೇ ಎಂದು ಕೇಳಿದ್ದರು. ಮೋಡೆಮ್ ಹೊಸದು, ಎಷ್ಟು ಬೇಕಾದರೂ ಕೊಡುತ್ತಿತ್ತು. ಕಂಪ್ಯೂಟರ್ ಹಳೆಯದು, ಅಷ್ಟನ್ನು ನುಂಗಲಾರದೆ ಚೆಲ್ಲುತ್ತಿತ್ತು. ಮಿಸ್ ಅದನ್ನು ಹತ್ತೊಂಬತ್ತು ಸಾವಿರದ ಇನ್ನೂರಕ್ಕೆ ಇಳಿಸಿದರು. ಬೆಂಗಳೂರಿಗೆ ಲೈನ್ ಹಚ್ಚಿದೆವು. ಪರದೆ ತುಂಬ ಸಾಲುಗಳು ಇಳಿದವು. ಮಿಸ್ ಪೆನ್ಸಿಲ್ ಹಿಡಿದು ಪರದೆಗೆ ಮುಖವಿಟ್ಟು ಕೊನೆಯ ಸಾಲಿನವರೆಗೂ ನೋಡಿದರು. ಎಲ್ಲೂ ಗೀಟು ಹಾಕಲಿಲ್ಲ.

ಮೊದಲನೆಯ ಕಾಯಿಲೆಗೂ ಪುಸ್ತಕದಲ್ಲಿ ಮದ್ದಿತ್ತು. ಆ ಡಬ್ಬಿಗೆ ಯಾವುದೋ ದೂರದ ದೇಶದ ಫೋನಿನ ಟೋನ್ ಗೊತ್ತು, ನಮ್ಮೂರ ಟೋನ್ ಗುರುತು ಸಿಗುವುದಿಲ್ಲ. "ಹೊಸ ಅಳಿಯ ಎಲೆ ಮುಂದೆ ಕೂತಹಾಗೆ. ಊಟ ಮಾಡಿ ಅನ್ನೋವರೆಗೂ ಕೈ ಹಾಕಲ್ಲ. ಅಂದಿದ್ದೂ ಇದಕ್ಕೆ ಕೇಳ್ಸಲ್ಲ" ಎಂದು ಮಿಸ್ ನಕ್ಕರು. ಕಾಯಬೇಡ, ಸುಮ್ಮನೆ ಡಯಲ್ ಮಾಡು ಎಂದು ಅದಕ್ಕೆ ಹೇಳಿಕೊಡುವ ಒಂದು ಸಾಲಿತ್ತು. ಎ, ಟಿ ಎಂದು ಶುರುವಾಗಿ, ಒಂದು ಆಂಡ್ ಗುರುತು, ಎಫ್, ಎಕ್ಸ್, ಮೂರು, ಮತ್ತೆ ಆಂಡ್ ಗುರುತು, ಕೆ, ಮೂರು. ಅದನ್ನು ಹೊಡೆದರೆ ಡಬ್ಬಿ ಓಕೆ ಎನ್ನುತ್ತಿತ್ತು. ಆದರೆ ಕರೆಂಟು ಹೋದರೆ ಎಲ್ಲ ಮರೆಯುತ್ತಿತ್ತು, ಮತ್ತೆ ಹೊಡೆಯಬೇಕು. ಅರಸೀಕೆರೆಯಲ್ಲಿ ಆಗ ಕರೆಂಟು ಹೋಗದ ದಿನವೇ ಇರಲಿಲ್ಲ.

"ನೀವೇ ಬಂದು ಹೊಡ್ಕೊಡಿ ಮಿಸ್" ಎಂದೆ.

"ನನಗೇನು ಬೇರೆ ಕೆಲಸ ಇಲ್ವಾ?" ಎಂದವರು ಮರುದಿನ ಮಧ್ಯಾಹ್ನ ನನ್ನನ್ನು ಮಹಡಿಗೆ ಕರೆದರು. ಕಿಟಕಿಯ ಪಕ್ಕದ ಯಂತ್ರದ ಮುಂದೆ ಕೂರಿಸಿ, ನನ್ನ ಎರಡೂ ಕೈಗಳ ಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಒರೆಸುವ ಬಟ್ಟೆ ಹೊದಿಸಿದರು. ಕೀ ಕಾಣಬಾರದು. ಎ ಅಕ್ಷರಕ್ಕೆ ಕಿರುಬೆರಳು. ಅದು ನೋಯುತ್ತಿತ್ತು, ಬಗ್ಗುತ್ತಿರಲಿಲ್ಲ. ರಜೆ ಮುಗಿದ ಮೇಲೂ, ಅಂಗಡಿಗೆ ಗಿರಾಕಿ ಇಲ್ಲದ ಹೊತ್ತಿನಲ್ಲಿ, ಹುಡುಗ ಹುಡುಗಿಯರ ನಡುವೆ ಬಿಳಿ ಸೀರೆಯ ನಾನೊಬ್ಬಳು ಕೂತು ಆ ಒಂದೇ ಸಾಲನ್ನು ಹೊಡೆಯುತ್ತಿದ್ದೆ. ಅರ್ಥ ತಿಳಿಯದೆ ಹೊಡೆಯುವುದು ಹೇಗೆಂದು ಕೇಳಿದ್ದಕ್ಕೆ, ರಂಗೋಲಿ ಹಾಕುವಾಗ ಚುಕ್ಕಿಗೆ ಅರ್ಥ ಕೇಳುತ್ತೀಯಾ ಎಂದರು. ಮನೆಯಲ್ಲಿ ರೊಟ್ಟಿ ತಟ್ಟುವಾಗಲೂ ನನ್ನ ಬೆರಳು ಆ ಸಾಲನ್ನೇ ಹೊಡೆಯುತ್ತಿತ್ತು. ನಿಮ್ಮ ಅಮ್ಮ ನೋಡಿ ನಗುತ್ತಿದ್ದಳು.

ದೀಪಾವಳಿ ಹತ್ತಿರವಾಯಿತು. ಟೆಂಡರ್ ದಿನ ಬೆಳಿಗ್ಗೆ ಭಾವ ಬಸ್ಸಿಳಿದು ನೇರ ಅಂಗಡಿಗೆ ಬಂದರು. ಕೈಯಲ್ಲಿ ಹೊಸ ಬೀಗವಿದ್ದ ಚೀಲ. ಬೈಯಲಿಲ್ಲ, ಒಂದು ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ಹೊರಗಿನ ಬೆಂಚಿನಲ್ಲಿ ಯಾರೂ ಇರಲಿಲ್ಲ. ಅದನ್ನು ಅವರು ನೋಡಿದರು, ನೋಡಿದ್ದನ್ನು ನಾನೂ ನೋಡಿದೆ. ಅಷ್ಟರಲ್ಲಿ ಆ ಲಾರಿಯ ಸಾಹುಕಾರರು ಒಳಗೆ ಬಂದರು. ಅವರ ಮಂಡಿಯ ಫೋನ್ ಕೆಟ್ಟಿತ್ತು. ಉತ್ತರದ ವ್ಯಾಪಾರಿಯಿಂದ ಈಮೇಲಿನಲ್ಲಿ ದರ ಬಂದಿರಬೇಕಿತ್ತು. ಅದನ್ನು ನೋಡದೆ ಟೆಂಡರ್ ಬರೆಯುವಂತಿಲ್ಲ. ಈಮೇಲ್ ಈಗ ಸರಿಯಿದೆ ಎಂದು ಮಿಸ್ ಮೆಟ್ಟಿಲ ಹತ್ತಿರ ಸಿಕ್ಕಾಗ ಹೇಳಿದ್ದರಂತೆ. ಅವರ ಮುಖದಲ್ಲಿ ನಂಬಿಕೆಯೇನೂ ಇರಲಿಲ್ಲ.

ಬೆಳಿಗ್ಗೆ ಕರೆಂಟು ಹೋಗಿ ಬಂದಿತ್ತು. ಡಯಲ್ ಮಾಡಿದೆ. ಟೋನ್ ಇಲ್ಲ ಎಂದಿತು. ಸಾಹುಕಾರರು ಕೆಮ್ಮಿದರು. ಭಾವ ಚೀಲವನ್ನು ತೊಡೆಯ ಮೇಲಿಂದ ನೆಲಕ್ಕಿಟ್ಟರು. ನಾನು ಮೆಟ್ಟಿಲು ಹತ್ತಿ ಓಡಿದೆ.

ಮೇಲೆ ಪರೀಕ್ಷೆಯವರ ಕ್ಲಾಸು ಜೋರಾಗಿ ನಡೆಯುತ್ತಿತ್ತು. ಮಿಸ್ ಬಾಗಿಲಿಗೆ ಬೆನ್ನು ಹಾಕಿ ನಿಂತು ರೂಲರ್ ಬಡಿಯುತ್ತಿದ್ದರು. ಭಾವ ಬಂದಿದ್ದಾರೆ, ಸಾಹುಕಾರರೂ ಬಂದಿದ್ದಾರೆ, ಬನ್ನಿ ಎಂದು ಬೇಡಿಕೊಂಡೆ. ಅವರು ತಿರುಗಿ ನೋಡಲಿಲ್ಲ.

"ನನಗೆ ಕ್ಲಾಸಿದೆ. ನಿನಗೆ ಬೆರಳಿದೆ. ಹೋಗು."

ಆ ಕ್ಷಣದಲ್ಲಿ ಅವರ ಮೇಲೆ ಬಂದ ಸಿಟ್ಟು ನನಗೆ ಇನ್ನೂ ನೆನಪಿದೆ. ಇಳಿದು ಬಂದು ಕೂತೆ. ಹಿಂದೆ ಇಬ್ಬರು ಗಂಡಸರು. ಮೊದಲ ಸಲ ಬೆರಳು ತಪ್ಪಿತು. ಪರದೆಯ ಮೇಲೆ ತಪ್ಪು ಎಂದು ಬಂತು. ಎರಡನೆಯ ಸಲ ಅವಸರದಲ್ಲಿ ಆಂಡ್ ಗುರುತೇ ಬಿಟ್ಟುಹೋಯಿತು. ಆಗ ಮಾಳಿಗೆಯ ಮೇಲಿನ ಸದ್ದು ಬದಲಾಯಿತು. ಪರೀಕ್ಷೆಯವರ ಚುರುಕು ತಾಳ ನಿಂತು, ಟಕ್, ಟಕ್ ಎಂದು ನಿಧಾನವಾದ, ಮೊದಲ ವಾರದವರ ತಾಳ ಕೇಳತೊಡಗಿತು. ಮೇಲೆ ಹೊಸಬರು ಯಾರೂ ಇರಲಿಲ್ಲ, ನಾನೇ ನೋಡಿ ಬಂದಿದ್ದೆ. ಕಣ್ಣು ಮುಚ್ಚಿದೆ. ಆ ತಾಳಕ್ಕೆ ಒಂದೊಂದೇ ಬೆರಳು ಬಿಟ್ಟೆ, ಎ ಅಕ್ಷರಕ್ಕೆ ಕಿರುಬೆರಳು. ಕಣ್ಣು ಬಿಟ್ಟಾಗ ಓಕೆ ಎಂದಿತ್ತು.

ಡಬ್ಬಿ ಕೂಗಿತು, ದೀಪ ಮಿನುಗಿತು, ಕಾಗದ ಬಂತು. ಸಾಹುಕಾರರು ಕನ್ನಡಕ ತಂದಿರಲಿಲ್ಲ. ಯಾರು ಓದಬೇಕು? ನಾನೇ ಓದಿದೆ. ಊರಿನ ಹೆಸರು, ಚೀಲದ ಲೆಕ್ಕ, ದರ, ದಿನ, ಬಿಡಿಬಿಡಿಯಾಗಿ, ಭಾವನ ಎದುರಿಗೆ, ಪರಗಂಡಸಿಗೆ ಕೇಳುವಷ್ಟು ಗಟ್ಟಿಯಾಗಿ. ನನ್ನ ದನಿ ನನಗೇ ಯಾರದೋ ಅನ್ನಿಸಿತು. ಸಾಹುಕಾರರು ಇನ್ನೊಮ್ಮೆ ಓದಿಸಿ, ಸಾಲುಗಳನ್ನು ಬೆರಳಿನಿಂದ ಎಣಿಸಿ, "ಪೂರ್ತಿ ಐತೆ" ಎಂದು ಭಾವನ ಕಡೆ ತಿರುಗಿ ಹೇಳಿ, ಟೆಂಡರ್ ನಡೆಯುವ ಎಪಿಎಂಸಿ ಕಡೆ ಓಡಿದರು. ಮಧ್ಯಾಹ್ನದೊಳಗೆ ಬೆಂಚು ತುಂಬಿತು.

ಭಾವ ಸಂಜೆಯವರೆಗೂ ಕೂತಿದ್ದರು. ಕಾಫಿ ತರಿಸಿ ಕೊಟ್ಟೆ, ಕುಡಿದರು. ಹೊರಡುವಾಗ ಚೀಲ ಎತ್ತಿಕೊಂಡು ಹೊಸ್ತಿಲಲ್ಲಿ ನಿಂತು ಮೇಲೆ ಕೆಳಗೆ ನೋಡಿದರು. "ಬಾಗ್ಲಿಗೊಂದು ಲೈಟ್ ಹಾಕ್ಸವ್ವ, ಸಂಜೆ ಹೊತ್ತು ಕತ್ಲಾಯ್ತದೆ" ಎಂದರು. ಊರಿಗೆ ಬಾ ಎಂಬ ಮಾತನ್ನು ಆಮೇಲೆ ಯಾವತ್ತೂ ಆಡಲಿಲ್ಲ. ನಿಮ್ಮ ಅಮ್ಮ ಆ ಶಾಲೆ ಮುಗಿಸಿದಳು, ಕಾಲೇಜೂ ಮುಗಿಸಿದಳು. ಮುಂದಿನದು ನಿಮಗೆ ಗೊತ್ತು.

ಹಬ್ಬ ಕಳೆದು ಹಾಸನದವನು ಹೇಳಿದಂತೆ ಬಂದ. ಅಕ್ಷರ ಬಿಡದೆ ಬರುವುದನ್ನು ನೋಡಿ ಸಂತೋಷಪಟ್ಟ. ಪೋರ್ಟಿನ ವೇಗ ತನಗೆ ಹೊಳೆದಿರಲಿಲ್ಲ ಎಂದು ಒಪ್ಪಿಕೊಂಡ. ನಾನು ಆ ಸಾಲನ್ನು ಹೊಡೆಯುವುದನ್ನು ಕಂಡು ಆಶ್ಚರ್ಯದಿಂದ, ದಿನಾ ಏಕೆ ಹೊಡೆಯುತ್ತೀರಿ, ಕೊನೆಯಲ್ಲಿ ಎರಡು ಅಕ್ಷರ ಸೇರಿಸಿದರೆ ಡಬ್ಬಿ ತಾನೇ ನೆನಪಿಟ್ಟುಕೊಳ್ಳುತ್ತದೆ, ಕರೆಂಟು ಹೋದರೂ ಮರೆಯುವುದಿಲ್ಲ, ಪುಸ್ತಕದಲ್ಲೇ ಇದೆ ಎಂದ. ಪುಟ ತೆಗೆದು ತೋರಿಸಿದ. ಆ ಸಾಲಿನ ಕೆಳಗೆ ಮಿಸ್ ಅವರ ಪೆನ್ಸಿಲಿನ ಗೀಟಿತ್ತು.

ಪುಸ್ತಕ ಹಿಡಿದು ಮೇಲೆ ಹೋದೆ. ಮಿಸ್ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. ನಿಮಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದೆ. ಗೊತ್ತಿಲ್ಲದೆ ಗೀಟು ಹಾಕುತ್ತಾರಾ ಎಂದರು. ಹಾಗಾದರೆ ಅವತ್ತು ಭಾವನ ಮುಂದೆ ನನ್ನ ಗತಿ ಏನಾಗುತ್ತಿತ್ತು ಎಂದು ಕೇಳಿದೆ.

ಅವರು ಎಣ್ಣೆಯ ಡಬ್ಬಿ ಕೆಳಗಿಟ್ಟರು. "ಅದು ನೆನಪಿಟ್ಕೊಂಡಿದ್ರೆ ನೀನು ಯಾಕೆ ನೆನಪಿಟ್ಕೊಳ್ತಿದ್ದೆ? ನಿಮ್ಮ ಭಾವ ನೋಡಕ್ಕೆ ಬಂದಿದ್ದು ಡಬ್ಬೀನಲ್ಲ ಕಣೇ, ನಿನ್ನ."

ಕೂತಿದ್ದ ಕುರ್ಚಿಯಿಂದಲೇ ಮೇಜಿನ ಖಾನೆ ಎಳೆದು ಬಟ್ಟೆ ತೆಗೆದುಕೊಂಡರು. ನಾನು ರಜೆಯಲ್ಲಿ ಅಡ್ಡಡ್ಡ ತಿರುಗಿಸಿ ಹೊಡೆದ ಕಾಗದವೊಂದು ಅಲ್ಲಿ ಮಡಚಿ ಇಟ್ಟಿತ್ತು. ಅವರು ಖಾನೆ ಮುಚ್ಚಿದರು.

ಕೆಲವು ವರ್ಷಗಳಲ್ಲಿ ಊರಿನ ಮಕ್ಕಳೆಲ್ಲ ಕಂಪ್ಯೂಟರ್ ಕಲಿಯಲು ಹೊರಟರು. ಮಹಡಿಯ ಸದ್ದು ಕಡಿಮೆಯಾಗುತ್ತ ಬಂತು. ಹೀಗಾಗುತ್ತದೆಂದು ಮಿಸ್ ಅವರಿಗೆ ನಮ್ಮ ಪರದೆಗೆ ಮುಖವಿಟ್ಟು ಕೂತ ದಿನವೇ ತಿಳಿದಿತ್ತು ಎಂದು ನನಗೆ ಅನ್ನಿಸುತ್ತದೆ. ಯಂತ್ರಗಳನ್ನು ಒಂದೊಂದಾಗಿ ಕೊಟ್ಟರು. ಕೊಡುವ ಮೊದಲು ಪ್ರತಿಯೊಂದಕ್ಕೂ ಎಣ್ಣೆ ಬಿಟ್ಟರು. ಕೆಳಗೆ ಬಂದು ನಮ್ಮಲ್ಲಿ ಕಲಿಸಿ ಎಂದು ಕೇಳಿದೆ. ಕಂಪ್ಯೂಟರಿನ ಮೆತ್ತನೆ ಕೀ ತಮ್ಮ ಬೆರಳಿಗೆ ಆಗದು ಎಂದು ಹೇಳಿ ಮೈಸೂರಿಗೆ ತಮ್ಮನ ಮನೆಗೆ ಹೋದರು. ಭಾನುವಾರದ ಫೋನು ಆಮೇಲೆ ಅಲ್ಲಿಂದ ನನಗೆ ಬರುತ್ತಿತ್ತು.

ಮಿಸ್ ಅವರಿಗೆ ಹುಷಾರಿಲ್ಲವೆಂದು ಅವರ ತಮ್ಮ ತಿಳಿಸಿದಾಗ ನಾನು ಅಂಗಡಿಗೆ ಬೀಗ ಹಾಕಿ, ಒಬ್ಬಳೇ ಮೈಸೂರಿನ ರೈಲು ಹತ್ತಿದೆ. ಆಸ್ಪತ್ರೆಯ ಮಂಚದ ಮೇಲೆ ತುಂಬ ಸಣ್ಣಗೆ ಕಂಡರು. ಕಣ್ಣು ಬಿಟ್ಟು ನನ್ನನ್ನು ಗುರುತಿಸಿದರು. ನಾನು ಎಷ್ಟೋ ಮಾತು ಜೋಡಿಸಿಕೊಂಡು ಹೋಗಿದ್ದೆ. ಬಾಯಿ ತೆರೆಯುವ ಮೊದಲೇ ಅವರು ಕೇಳಿದರು.

"ಅಂಗಡೀಲಿ ಯಾರಿದಾರೆ?"

ಯಾರೂ ಇಲ್ಲ, ಬೀಗ ಹಾಕಿ ಬಂದೆ ಎಂದೆ.

"ನಾಳೆ ಟೆಂಡರ್ ದಿನ ಅಲ್ವೇನೇ?" ಎಂದು ಹುಬ್ಬು ಗಂಟಿಕ್ಕಿದರು. "ಜನ ಬಂದು ನಿಂತಿರ್ತಾರೆ. ನನ್ನ ನೋಡಿದ್ದಾಯ್ತಲ್ಲ, ಹೊರಡು."

ಇರುತ್ತೇನೆ ಎಂದೆ. ಅವರು ಮುಖ ಗೋಡೆಯ ಕಡೆ ತಿರುಗಿಸಿಕೊಂಡರು. ತಡವಾಗಿ ಬಂದವರನ್ನು ಬಾಗಿಲಲ್ಲಿ ನಿಲ್ಲಿಸುತ್ತಿದ್ದವರ ಮುಖ ಅದು, ಅದರ ಜೊತೆ ವಾದ ನಡೆಯುವುದಿಲ್ಲ. ಪಾದ ಮುಟ್ಟಿ ಸಂಜೆಯ ಗಾಡಿಗೆ ಹೊರಟೆ.

ಮರುದಿನ ಬೆಂಚು ತುಂಬ ಜನರಿದ್ದಾಗ ಮಿಸ್ ಅವರ ತಮ್ಮನ ಫೋನ್ ಬಂತು. ಬೆಳಗಿನ ಜಾವ ಹೋದರು ಎಂದರು. ರಿಸೀವರ್ ಇಟ್ಟೆ. ಎದುರಿಗೆ ಒಬ್ಬ ಮುದುಕ ಸಾಹುಕಾರರು ಕೈಬರಹದ ಚೀಟಿ ಹಿಡಿದು ನಿಂತಿದ್ದರು. ಉತ್ತರದ ವ್ಯಾಪಾರಿಗೆ ಹೋಗಬೇಕಾದ ದರ. ಯಾಕಮ್ಮಾ, ಏನಾಯ್ತು ಎಂದು ಕೇಳಿದರು. ಏನಿಲ್ಲ, ಕೂತ್ಕೊಳಿ ಎಂದೆ. ಅವರ ಕಾಗದವನ್ನು ಒಂದಕ್ಷರ ಬಿಡದೆ ಹೊಡೆದು, ಅವರಿಗೆ ಓದಿ ಹೇಳಿ, ಕಳಿಸಿದೆ. ಅವರ ಹಿಂದೆ ನಿಂತಿದ್ದವರದನ್ನೂ ಕಳಿಸಿದೆ. ಬೆಂಚು ಖಾಲಿಯಾದ ಮೇಲೆ ಎದ್ದು ಶಟರ್ ಎಳೆದುಕೊಂಡು, ಒಳಗೆ ಒಬ್ಬಳೇ ಕೂತು ಅತ್ತೆ.